ಗೋಡೆಗೆ ಸೀರೆ ಉಡಿಸಿದ ಕಾಕಾ

ಇಳಕಲ್ಲಿನಲ್ಲಿ ಹೆಂಗಸರಿಗಾಗಿ ಸೀರೆ ನೇಯುವವರು ಓಣಿಗೊಬ್ಬರಲ್ಲ, ಮನೆಗೊಬ್ಬರು ಸಿಗುತ್ತಾರೆ. ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಆದರೆ ಗೋಡೆಗೆ ಸೀರೆ ಉಡಿಸಿದವರು ಯಾರಾದರೂ ಇದ್ದರೆ ತೋರಿಸಿ ನೋಡೋಣ! ಇಡೀ ಊರಿನಲ್ಲಿ, ಊರೇಕೆ, ಹುನಗುಂದ ತಾಲೂಕಿನಲ್ಲೇ ಆ ಕೀರ್ತಿ ನಮ್ಮ ಕಾಕಾ ಒಬ್ಬರಿಗೇ ಸಲ್ಲಬೇಕು. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹೆಸರು ಬೇಡ. ಹೇಳಿದರೆ ಇಳಕಲ್ಲಿನವರು "ಓ, ಆ ಗ್ವಾಡಿಯವ್ರಾ?" ಎಂದು ನಗುತ್ತಾರೆ, ಬೇರೆ ಊರಿನವರಿಗೆ ಹೆಸರು ಗೊತ್ತಾಗಿ ಆಗಬೇಕಾದದ್ದೇನೂ ಇಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಕಾಕಾನ ಮನೆ ಓಣಿಯ ಕಟ್ಟಕಡೆಯದು. ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಮಟ್ಟಸ ಮಾಳಿಗೆ. ಮೂಡಣಕ್ಕೆ ಗಂಗವ್ವನ ಮನೆ ಮತ್ತು ಅವಳು ಎಮ್ಮೆ ಕಟ್ಟುವ, ಮಾಡಿಲ್ಲದ ಗೋದಲಿ. ಪಡುವಣಕ್ಕೆ ಮಾತ್ರ ಯಾರೂ ಇಲ್ಲ. ಬರೀ ಬಯಲು, ಬಯಲಿನಾಚೆ ಎರೆಹೊಲ, ಅದರಾಚೆ ಆಕಾಶ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಕಡೆಯಿಂದ ಧೂಳೆದ್ದು, ಅದರ ಬೆನ್ನಿಗೇ ಆಲಿಕಲ್ಲಿನ ಮಳೆ ಬಂದು, ದಾರಿಯಲ್ಲಿ ಯಾರೂ ಸಿಗದ ಸಿಟ್ಟಿಗೆ ನಮ್ಮ ಕಾಕಾನ ಪಡುವಣ ಗೋಡೆಯನ್ನು ಬಡಿಯುತ್ತಿತ್ತು. ಶ್ರಾವಣದಲ್ಲಿ ಜಡಿಮಳೆ. ಚಳಿಗಾಲದಲ್ಲಿ ಮೈ ಕೊರೆಯುವ ಗಾಳಿ. ಊರಿಗೆ ಬರುವ ಮಳೆಗಾಳಿಯೆಲ್ಲ ಮೊದಲು ಇವರ ಗೋಡೆಗೆ ಹಾಜರಿ ಹಾಕಿಯೇ ಮುಂದಕ್ಕೆ ಹೋಗಬೇಕು ಎಂದು ಯಾರಾದರೂ ಕಾನೂನು ಮಾಡಿದ್ದರೋ ಏನೋ!

ಆ ಗೋಡೆಯ ಒಳಮಗ್ಗುಲಿಗೇ ಮಗ್ಗ. ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ಅವರ ಹೆಂಡತಿ, ನಮ್ಮ ಚಿಗವ್ವ, ಎದುರಿಗೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಕ್ಕಳಿರಲಿಲ್ಲ. ಇಬ್ಬರ ನಡುವೆ ಮಗ್ಗದ ಸದ್ದು, ಆ ಸದ್ದಿನ ಮೇಲೆ ಏರಿಸಿದ ದನಿಯಲ್ಲಿ ಜಗಳ. ನಾನು ಹೋದಾಗಲೆಲ್ಲ ಅವರಿಬ್ಬರೂ ಜಗಳಾಡುತ್ತಿದ್ದಾರೋ ಮಾತಾಡುತ್ತಿದ್ದಾರೋ ತಿಳಿಯಲು ಮಗ್ಗ ನಿಲ್ಲುವವರೆಗೆ ಕಾಯಬೇಕಾಗುತ್ತಿತ್ತು.

ಚಿಗವ್ವನಿಗೆ ದಮ್ಮು. ಗೋಡೆ ನೀರು ಕುಡಿದಷ್ಟೂ ಅವಳ ಎದೆ ಸಿಳ್ಳೆ ಹಾಕುತ್ತಿತ್ತು. ಒಂದು ಶ್ರಾವಣದಲ್ಲಿ ಹೊರಮೈಗೆ ಮೆತ್ತಿದ ಮಣ್ಣಿನ ಗಿಲಾವು ಹಪ್ಪಳದಂತೆ ಎದ್ದು ಒಂದೇ ಸಲಕ್ಕೆ ಕಳಚಿ ಬಿತ್ತು. ಒಳಗೆಲ್ಲ ತೇವ. ಚಿಗವ್ವನಿಗೆ ಉಸಿರೇ ಸಾಲದಂತಾಗಿ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಹಾಸ್ಯಗಾರ ಮನುಷ್ಯ. "ಹಸಿ ಗ್ವಾಡಿ ಬಾಜೂಕ ಮಲಗಿಸಿ ನನ್ನ ಕಡೆ ಗುಳಿಗಿ ಕೇಳಿದ್ರ ಹೆಂಗ್ರಿ? ಮೊದಲ ಆ ಗ್ವಾಡಿಗೆ ಔಷಧಾ ಹಚ್ರಿ" ಎಂದರು. ಅವರು ನಗಿಸಲು ಹೇಳಿದ ಮಾತನ್ನು ಕಾಕಾ ಚೀಟಿಯಲ್ಲಿ ಬರೆದುಕೊಟ್ಟ ಔಷಧಿಯೆಂದೇ ತಿಳಿದರು. ಮುಂದಿನ ಎಲ್ಲ ಅನಾಹುತಕ್ಕೂ ಆ ಡಾಕ್ಟರೇ ಹೊಣೆ ಎಂದು ನಾನು ಇಂದಿಗೂ ವಾದಿಸಬಲ್ಲೆ.

ಅಷ್ಟರಲ್ಲಿ ಚಿಗವ್ವನ ಅಣ್ಣ ಚೊಳಚಗುಡ್ಡದಿಂದ ಬಂದಿಳಿದರು. ಬಾದಾಮಿಯ ಆಚೆ ಬನಶಂಕರಿ ಗುಡಿಯ ಪಕ್ಕದ ಊರು. ಅಲ್ಲಿ ಅವರದು ಕೆಂಪುಕಲ್ಲಿನ ಮನೆ. ಎಷ್ಟು ಮಳೆ ಬಂದರೂ ಒಳಗೆ ಬೆಂಕಿಪೆಟ್ಟಿಗೆ ಕೂಡ ಮೆತ್ತಗಾಗುವುದಿಲ್ಲ ಎಂಬ ಅಹಂಕಾರ ಆ ಮನೆಯವರಿಗೆಲ್ಲ ಇತ್ತು. ಅವರು ಗೋಡೆಯನ್ನೊಮ್ಮೆ, ಕಾಕಾನನ್ನೊಮ್ಮೆ ನೋಡಿ, "ನಮ್ಮ ತಂಗೀನ್ನ ಕೆಸರಾಗ ಇಟ್ಟೀರಲ್ಲರಿ" ಎಂದುಬಿಟ್ಟರು. ಚಿಗವ್ವ ಗಂಟು ಕಟ್ಟಿಕೊಂಡು ಹೊಸ್ತಿಲ ಮೇಲೆ ನಿಂತು, "ಗ್ವಾಡಿ ಒಣಗಿದ ಮ್ಯಾಗ ಕರಿಯಾಕ ಬರ್ರಿ, ಬರ್ತೇನಿ" ಎಂದಳು. ಸುಮ್ಮನೆ ಒಂದು ಮಾತು. ಹೋಗುವವರು ಏನಾದರೂ ಹೇಳಿ ಹೋಗಬೇಕಲ್ಲ, ಹಾಗೆ.

ಕಾಕಾ ಅದನ್ನು ಶಪಥ ಮಾಡಿಕೊಂಡರು. ಒಣಗಿದ ಗೋಡೆಯಿಲ್ಲದೆ ಚೊಳಚಗುಡ್ಡಕ್ಕೆ ಕಾಲಿಡುವುದಿಲ್ಲ!

ಸರಿ, ಹಾಗಾದರೆ ಒಬ್ಬ ಗೌಂಡಿಯನ್ನು ಕರೆಸಿ ಕಲ್ಲು ಕಟ್ಟಿಸಿದರೆ ಮುಗಿಯಿತಲ್ಲ? ನೀವು ಹಾಗೆ ಕೇಳುತ್ತೀರಿ, ನಾನೂ ಕೇಳಿದೆ. ಕಾಕಾ ಅಣ್ಣನ ಮಗಳಾದ ನನ್ನನ್ನು ಕನಿಕರದಿಂದ ನೋಡಿದರು. "ತಂಗಿ, ಗ್ವಾಡಿ ಅಂದ್ರ ಏನು? ದಪ್ಪನ ಬಟ್ಟಿ! ಗಾಳಿ ಮಳಿ ಮೈಗೆ ತಾಗಬಾರ್ದು ಅಂತ ನಾವು ಬಟ್ಟಿ ಹಾಕ್ಕೋತೇವಿ, ಮನಿ ಗ್ವಾಡಿ ಹಾಕ್ಕೋತೈತಿ. ಬಟ್ಟಿ ಕೆಲಸಾ ನನಗ ಗೊತ್ತೋ, ಗೌಂಡಿಗೆ ಗೊತ್ತೋ?" ಈ ಸಿದ್ಧಾಂತಕ್ಕೆ ಎದುರು ಹೇಳುವ ವಿದ್ಯೆ ನನ್ನ ಬಿ.ಎ. ಪದವಿಯಲ್ಲಿ ಇರಲಿಲ್ಲ.

ಮೊದಲ ಪ್ರಯೋಗ ಗಂಜಿಯದು. ನೂಲಿಗೆ ಗಟ್ಟಿತನ ಬರುವುದು ಹೇಗೆ? ಗಂಜಿ ಹಾಕುವುದರಿಂದ. ಗಂಜಿ ಕುಡಿದ ಹಾಸು, ಎಂದರೆ ಮಗ್ಗಕ್ಕೆ ಹೂಡಿದ ಉದ್ದ ಎಳೆ, ಎಳೆದಾಟಕ್ಕೆ ಹರಿಯುವುದಿಲ್ಲ. ಹಾಗಿದ್ದರೆ ಗಂಜಿ ಕುಡಿದ ಮಣ್ಣು ಮಳೆಗೆ ಯಾಕೆ ಕರಗೀತು? ಕಾಕಾ ದೊಡ್ಡ ಹಂಡೆಯಲ್ಲಿ ಜೋಳದ ಹಿಟ್ಟಿನ ಗಂಜಿ ಕಾಸಿ, ಜರಡಿ ಹಿಡಿದ ಮಣ್ಣಿಗೆ ಬೆರೆಸಿ, ಇಡೀ ಪಡುವಣ ಗೋಡೆಗೆ ಹೊಸ ಗಿಲಾವು ಮಾಡಿದರು. ಒಣಗಿದ ಮೇಲೆ ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಅಷ್ಟು ನುಣುಪಾದ ಗೋಡೆಯನ್ನು ನಾನು ಮತ್ತೆ ನೋಡಿಲ್ಲ. ನೋಡಲು ಬಂದವರೆಲ್ಲ ಮೆಚ್ಚಿಕೊಂಡರು. ಗಂಗವ್ವನ ಎಮ್ಮೆಯೂ ಬಂದು ನೋಡಿತು. ಮೂಸಿತು. ನೆಕ್ಕಿತು.

ರುಚಿಯಾಗಿತ್ತೆಂದು ಕಾಣುತ್ತದೆ. ಮರುದಿನ ಬಯಲಿಗೆ ಮೇಯಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಗೋಡೆಗೆ ನಾಲಿಗೆ ಹಚ್ಚುವುದು ಅದಕ್ಕೆ ರೂಢಿಯಾಯಿತು. ಎಮ್ಮೆಗಳಲ್ಲಿ ಸುದ್ದಿ ಹೇಗೆ ಹರಡುತ್ತದೋ ತಿಳಿಯದು, ವಾರ ಕಳೆಯುವುದರೊಳಗೆ ಓಣಿಯ ದನಕರುಗಳೆಲ್ಲ ಅಲ್ಲಿ ಸಾಲುಗಟ್ಟಿದವು. ಕೆಳಗೆ ಇರುವೆ, ನಡುವೆ ಎಮ್ಮೆ, ಮೇಲೆ ಗುಬ್ಬಿ. ಕಾಕಾ ಮಗ್ಗ ಬಿಟ್ಟು ಕೋಲು ಹಿಡಿದು ಗೋಡೆ ಕಾಯತೊಡಗಿದರು.

"ಗಂಗವ್ವಾ, ನಿನ್ನ ಎಮ್ಮಿ ನನ್ನ ಮನಿ ತಿನ್ನಾಕ ಹತ್ತೇತಿ!"

"ಹೌದಲ್ರಿ, ನಾನೂ ಅದನ್ನ ನೋಡಾಕ ಹತ್ತೇನಿ, ಹಾಲು ದಪ್ಪ ಆಗ್ಯಾವು. ಇನ್ನೊಂದೀಟು ಗಂಜಿ ಹೆಚ್ಚಿಗಿ ಹಾಕ್ರೆಲಾ!"

ಆ ವರ್ಷ ಗೋಡೆಯನ್ನು ಮಳೆ ಮುಟ್ಟಲಿಲ್ಲ. ಮಳೆ ಬರುವ ಹೊತ್ತಿಗೆ ಮುಟ್ಟಲು ಗಿಲಾವೇ ಉಳಿದಿರಲಿಲ್ಲ.

ಇಷ್ಟು ಹೊತ್ತಿಗೆ ನನ್ನ ಪಾಡು ಏನಾಗಿತ್ತೆಂದು ಹೇಳಬೇಕು. ನನ್ನ ಮದುವೆಯಾಗಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿದ್ದೆವು. ಇಳಕಲ್ಲು ಒಂದು ಕಡೆ, ಚೊಳಚಗುಡ್ಡ ಇನ್ನೊಂದು ಕಡೆ, ನಡುವೆ ನಾನು. ಎರಡೂ ಕಡೆಯವರು ನನ್ನನ್ನು ಅಂಚೆ ಇಲಾಖೆ ಮಾಡಿಕೊಂಡರು. ಕಾಕಾ ಸುದ್ದಿ ಕಳಿಸುತ್ತಿದ್ದರು. ನಾನು ಬಾದಾಮಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಟಾಂಗಾದಲ್ಲಿ ಕುಲುಕುತ್ತ ಚೊಳಚಗುಡ್ಡ ಮುಟ್ಟಿ, ಸುದ್ದಿಯನ್ನು ಚಿಗವ್ವನಿಗೆ ತಲುಪಿಸುತ್ತಿದ್ದೆ. ಸುದ್ದಿಯಾದರೂ ಎಂಥದು! "ಆರೋಗ್ಯ ಹೇಗಿದೆ", "ನೆನಪಾಗುತ್ತದೆ" ಅಂಥದ್ದೊಂದೂ ಇಲ್ಲ. ಬರೀ ಗೋಡೆ.

"ಚಿಗವ್ವ, ಗ್ವಾಡಿ ಅರ್ಧಾ ಒಣಗೈತಿ ಅಂತ ಹೇಳ್ಯಾರ."

"ಅರ್ಧಾ ಒಣಗಿದ್ರ ನಾ ಅರ್ಧಾ ಬರ್ಲೇನು?" ಎಂದು ಚಿಗವ್ವ ನಗುತ್ತಿದ್ದಳು. ನಕ್ಕು ಮುಗಿಸಿ, "ರೊಟ್ಟಿ ಯಾರ ಬಡದು ಕೊಡ್ತಾರ ಅವ್ರಿಗೆ?" ಎಂದು ಕೇಳುತ್ತಿದ್ದಳು. "ಖಾನಾವಳಿಯಾಗ ಉಣ್ತಾರ" ಎನ್ನುತ್ತಿದ್ದೆ. ಒಣಹವೆಗೆ ಅವಳ ದಮ್ಮು ಇಳಿದಿತ್ತು, ಮುಖದಲ್ಲಿ ಕಳೆ ಬಂದಿತ್ತು. ಆದರೆ ಅಣ್ಣನ ಮನೆಯಲ್ಲಿ ಅವಳಿಗೆ ಜಗಳಾಡಲು ಯಾರೂ ಇರಲಿಲ್ಲ. ಎಲ್ಲರೂ ಅವಳೊಂದಿಗೆ ಮೆತ್ತಗೆ ಮಾತಾಡುತ್ತಿದ್ದರು, ನೆಂಟರೊಂದಿಗೆ ಮಾತಾಡುವಂತೆ. ಟಾಂಗಾ ಹತ್ತಿದ ಮೇಲೆ ತಿರುಗಿ ನೋಡಿದರೆ, ಅಷ್ಟು ದೊಡ್ಡ ಕೆಂಪುಕಲ್ಲಿನ ಮನೆಯ ಮುಂದೆ ಅವಳೊಬ್ಬಳೇ ನಿಂತಿರುತ್ತಿದ್ದಳು.

ಇತ್ತ ಇಳಕಲ್ಲಿನಲ್ಲಿ ಕಾಕಾ ಗೋಡೆಯೊಂದಿಗೆ ಮಾತಾಡಲು ಶುರು ಮಾಡಿದ್ದರು. ಮೊದಲು ಪತ್ತೆ ಹಚ್ಚಿದವಳು ಗಂಗವ್ವ. ಒಂದು ಬೆಳಿಗ್ಗೆ ಹಾಲು ಕೊಡಲು ಬಂದಾಗ ಒಳಗಿನಿಂದ ಕಾಕಾನ ದನಿ ಕೇಳಿಸಿತಂತೆ. "ಇವತ್ತ ಹೆಂಗದಿ? ನಿನ್ನೆ ಥಂಡಿ ಹತ್ತಿತ್ತೇನು? ತಡಿ, ಬಿಸಲು ಬರ್ಲಿ, ಆರಾಮ ಆಕ್ಕೈತಿ." ಗಂಗವ್ವ ಹಿಗ್ಗಿ ಹೀರೇಕಾಯಿಯಾಗಿ, ಚಿಗವ್ವ ಬಂದಿದ್ದಾಳೆಂದು ಓಣಿಗೆಲ್ಲ ಸಾರಿ, ಇಬ್ಬರಿಗೆ ಸಾಲುವಷ್ಟು ಹಾಲು ಕಾಸಿ ತಂದಳು. ಒಳಗೆ ನೋಡಿದರೆ ಕಾಕಾ ಗೋಡೆಗೆ ಅಂಗೈ ಹಚ್ಚಿ ನಿಂತಿದ್ದಾರೆ! ಇದನ್ನು ನನಗೆ ಹೇಳುವಾಗ ಗಂಗವ್ವ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಹುನಗುಂದ ದಾಟಿದ ಮೇಲೆ ಯಾಕೋ ನಗು ಬರಲಿಲ್ಲ.

ಆ ಹಾಲನ್ನು ಏನು ಮಾಡಿದಿರಿ ಎಂದು ನಾನು ಮುಂದೊಮ್ಮೆ ಕಾಕಾನನ್ನು ಕೇಳಿದೆ. "ಇಬ್ಬರದೂ ನಾನ ಕುಡದೆ" ಎಂದರು.

ಎರಡನೆಯದು ತಗಡಿನ ಪ್ರಯೋಗ. ಇದನ್ನು ಹೇಳುವ ಮೊದಲು ಇಳಕಲ್ಲು ಸೀರೆಯ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ತುದಿಯನ್ನೂ ಸೆರಗಿನ ಒಂದೊಂದು ಎಳೆಯ ತುದಿಗೆ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಗಂಟಿಲ್ಲ, ಹೊಲಿಗೆಯಿಲ್ಲ, ಸೀರೆ ಹರಿದು ಕೌದಿಗೆ ಹೋದರೂ ಕೊಂಡಿ ಬಿಡುವುದಿಲ್ಲ. ಕೊಂಡಿ ಹಾಕುವುದರಲ್ಲಿ ಕಾಕಾನ ಕೈ ಊರಿಗೇ ಹೆಸರಾಗಿತ್ತು.

ಒಂದು ಬೇಸಿಗೆಯಲ್ಲಿ ಅವರು ಅಂಗಡಿ ಅಂಗಡಿ ತಿರುಗಿ ಖಾಲಿ ಎಣ್ಣೆಡಬ್ಬಿ ಕೂಡಿಹಾಕಿದರು. ಒಂದೊಂದನ್ನೂ ಕತ್ತರಿಸಿ, ಬಡಿದು, ಚಪ್ಪಟೆ ತಗಡು ಮಾಡಿದರು. ಓಣಿಯವರಿಗೆ ಮಧ್ಯಾಹ್ನದ ನಿದ್ದೆ ಎಂಬುದೇ ಮರೆತುಹೋಯಿತು. ಗೋಡೆಗೆ ತಗಡು ಹೊದಿಸುತ್ತಾರೆ ಎಂಬಷ್ಟು ಎಲ್ಲರಿಗೂ ಅರ್ಥವಾಯಿತು. ಆದರೆ ಮೊಳೆ ಎಲ್ಲಿ?

"ಮೊಳಿ ಹೊಡದ್ರ ತೂತು ಬೀಳತೈತಿ. ತೂತು ಬಿದ್ರ ನೀರು ಬರತೈತಿ. ಸೀರಿಗೆ ಮೊಳಿ ಹೊಡದಿದ್ದು ಎಲ್ಲರೆ ನೋಡೀರೇನು?" ಎಂದರು ಕಾಕಾ.

ಪ್ರತಿ ತಗಡಿನ ಅಂಚನ್ನೂ ಕೊಕ್ಕೆಯ ಹಾಗೆ ಮಡಚಿ, ಪಕ್ಕದ ತಗಡಿನ ಅಂಚಿಗೆ ಸಿಕ್ಕಿಸಿ, ಬಡಿದು ಕೂಡಿಸಿದರು. ಕೊಂಡಿ! ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ, ಎಲ್ಲೆಲ್ಲೂ ಕೊಂಡಿ. ಕೊನೆಗೆ ಗೋಡೆಯಗಲದ ಒಂದೇ ಒಂದು ತಗಡಿನ ಸೀರೆ ತಯಾರಾಯಿತು. ಅದನ್ನು ಮಾಳಿಗೆಯ ಅಂಚಿಗೆ ಕಟ್ಟಿದ ಬೊಂಬಿನಿಂದ ಕೆಳಕ್ಕೆ ಇಳಿಬಿಟ್ಟರು. ಬಿಸಿಲಿಗೆ ಅದು ಹೊಳೆದ ಹೊಳಪಿಗೆ ಹೊಲದಲ್ಲಿದ್ದವರು ಕಣ್ಣು ಮುಚ್ಚಿಕೊಂಡು ನಡೆಯಬೇಕಾಯಿತು.

ನಗಬೇಡಿ, ಮೊದಲ ಮಳೆಯಲ್ಲಿ ಒಂದು ಹನಿ ನೀರೂ ಗೋಡೆ ಮುಟ್ಟಲಿಲ್ಲ. ಎರಡನೆಯ ಮಳೆಗೂ ಇಲ್ಲ. ಕಾಕಾ ಗೋಡೆಗೆ ಅಂಗೈ ಹಚ್ಚಿ ಹಚ್ಚಿ ನೋಡಿದರು. ಒಣಗಿದೆ! ಕ್ಷೌರ ಮಾಡಿಸಿಕೊಂಡರು. ಇಸ್ತ್ರಿ ಮಾಡಿದ ಧೋತರ ಉಟ್ಟರು. ಚಿಗವ್ವನನ್ನು ಕರೆತರಲು ಚೊಳಚಗುಡ್ಡಕ್ಕೆ ಹೊರಟರು. ಅವಳ ಅಣ್ಣನ ಮುಂದೆ ಆಡಬೇಕಾದ ಮಾತನ್ನು ಗೋಡೆಯ ಮುಂದೆ ನಿಂತು ಒಂದೆರಡು ಸಲ ಆಡಿ ನೋಡಿದರು ಕೂಡ. ಕೈಯಲ್ಲಿ ಚೀಲ ಹಿಡಿದು ಹೊಸ್ತಿಲು ದಾಟುವಾಗ ಪಡುವಣದಲ್ಲಿ ಧೂಳೆದ್ದಿತು.

ಸೀರೆಯನ್ನು ಮೇಲೆ ಕಟ್ಟಿದ್ದರು ನಿಜ. ಆದರೆ ಕೆಳಗೆ? ಉಟ್ಟ ಸೀರೆಯ ಅಂಚನ್ನು ಯಾರಾದರೂ ನೆಲಕ್ಕೆ ಬಿಗಿಯುತ್ತಾರೆಯೇ? ಕಾಕಾ ಬಿಗಿದಿರಲಿಲ್ಲ. ಗಾಳಿ ಕೆಳಗಿನಿಂದ ಒಳನುಗ್ಗಿತು. ತಗಡಿನ ಸೀರೆ ಒಮ್ಮೆ ಉಬ್ಬಿ, ಒಮ್ಮೆ ಗುಡುಗಿ, ಬೊಂಬಿನ ಸಮೇತ ಕಿತ್ತುಕೊಂಡು ಮಾಳಿಗೆಯನ್ನು ಹಾರಿ ದಾಟಿ, ಮೂಡಣ ದಿಕ್ಕಿನ ಗಂಗವ್ವನ ಗೋದಲಿಯ ಮೇಲೆ ಹೋಗಿ ಹರಡಿಕೊಂಡಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಓಣಿಯೆಲ್ಲ ಓಡಿ ಬಂದು ನೋಡಿದರೆ, ಗೋದಲಿಗೆ ಅಚ್ಚುಕಟ್ಟಾದ ತಗಡಿನ ಮಾಡು, ಕೆಳಗೆ ಎಮ್ಮೆ ತಣ್ಣಗೆ ಮೆಲುಕು ಹಾಕುತ್ತಿದೆ.

ಕಾಕಾ ಇಸ್ತ್ರಿಯ ಧೋತರದಲ್ಲೇ ಮಳೆಯಲ್ಲಿ ನೆನೆಯುತ್ತ ಗೋದಲಿಯನ್ನು ಮೂರೂ ಮಗ್ಗುಲಿನಿಂದ ಪರೀಕ್ಷಿಸಿದರು. ಆಮೇಲೆ ಓಣಿಯವರ ಕಡೆ ತಿರುಗಿ ಗರ್ವದಿಂದ ಕೇಳಿದರು: "ನೋಡ್ರಿ, ಖರೆ ಹೇಳ್ರಿ, ಒಂದರೆ ಕೊಂಡಿ ಬಿಟ್ಟೈತೇನು?"

ಬಿಟ್ಟಿರಲಿಲ್ಲ! ಬಿಟ್ಟಿದ್ದರೆ ನಾಲ್ಕು ತಗಡು ಹಾರಿಹೋಗಿ ಉಳಿದ ಹೊದಿಕೆಯಾದರೂ ಗೋಡೆಯ ಮೇಲೆ ಉಳಿಯುತ್ತಿತ್ತು. ಕೊಂಡಿ ಅಷ್ಟು ಗಟ್ಟಿಯಾಗಿದ್ದರಿಂದಲೇ ಇಡೀ ಸೀರೆ ಹೋಯಿತು. ಗಂಗವ್ವ ತಗಡು ತಿರುಗಿ ಕೊಡಲು ಒಪ್ಪಲಿಲ್ಲ. "ಎಮ್ಮಿ ನೆಕ್ಕಿದ್ದಕ್ಕ ಬೈದ್ರಿ, ಈಗ ನೀವ ಅದಕ್ಕ ಹೊಚ್ಚಿ ಕಳಿಸೀರಿ" ಎಂದಳು. ಕಾಕಾ ಒಳಗೆ ಹೋಗಿ ಚೀಲದಿಂದ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕಿದರು. ಚೊಳಚಗುಡ್ಡಕ್ಕೆ ನಾನು ಹೋಗಿ, ಗೋಡೆ ಇನ್ನೂ ಹಸಿ ಎಂದು ಹೇಳಿಬಂದೆ.

ಇದಾದ ಮೇಲೆ ಕಾಕಾನ ಸಿದ್ಧಾಂತ ಸ್ವಲ್ಪ ಬಾಗಿತು. ಬಟ್ಟೆಗೆ ತೂಕ ಸಾಲದು ಎಂಬ ತೀರ್ಮಾನಕ್ಕೆ ಬಂದು, ಕೊನೆಗೂ ಒಬ್ಬ ಗೌಂಡಿಯನ್ನು ಕರೆಸಿದರು. ಗೋಡೆಯ ಹೊರಮೈಯ ಮಣ್ಣನ್ನೆಲ್ಲ ಕೆತ್ತಿ ತೆಗೆದು ಕಲ್ಲಿನ ಫರಸಿ, ಎಂದರೆ ಚಪ್ಪಡಿ, ಹಚ್ಚುವುದೆಂದು ಮಾತಾಯಿತು. ನಮ್ಮ ಪುಣ್ಯ, ಇಳಕಲ್ಲಿನಲ್ಲಿ ನೂಲಿನಷ್ಟೇ ಕಲ್ಲಿಗೂ ಬರವಿಲ್ಲ. ಸುತ್ತಲೂ ಕೆಂಪುಕಲ್ಲಿನ ಗಣಿ. ಗೌಂಡಿ ಪಾಪದ ಮನುಷ್ಯ, ನೆಟ್ಟಗೆ ಬುಡದಿಂದ ಕೆಂಪುಕಲ್ಲು ಕೂಡಿಸುತ್ತ ಬಂದ. ಮೊಣಕಾಲಿನ ಎತ್ತರಕ್ಕೆ ಬರುತ್ತಲೂ ಕಾಕಾ ತಡೆದರು.

"ಸಾಕು. ಇಲ್ಲಿಂದ ಮ್ಯಾಲೆ ಕರೀ ಫರಸಿ."

"ಯಾಕ್ರಿ, ಕೆಂಪು ಇನ್ನೂ ಐತೆಲ್ರಿ?"

"ಒಡಲು ಕರೀದಿರ್ಲಿ. ಕೆಂಪು ದಡಿಗೆ ಆತು. ಮ್ಯಾಲೆ ಮತ್ತ ಈಟು ಅಗಲ ಕೆಂಪು ದಡಿ ಬರ್ಲಿ."

ಗೌಂಡಿ ಕರಣಿ ಕೆಳಗಿಟ್ಟ. "ರೀ ಯಜಮಾನ್ರ, ನಾ ಗ್ವಾಡಿ ಕಟ್ಟಾಂವ್ರಿ. ಸೀರಿ ಉಡಿಸಾಂವ ಅಲ್ರಿ."

"ನೀ ಹೇಳಿದಂಗ ಮಾಡು. ಇದು ಆಕಿಗೆ ಸೇರೂ ಬಣ್ಣ" ಎಂದರು ಕಾಕಾ. ಗೌಂಡಿಗೆ ಯಾವ ಆಕಿ ಎಂದು ತಿಳಿಯಲಿಲ್ಲ, ಆದರೂ ಮತ್ತೆ ಕರಣಿ ಎತ್ತಿಕೊಂಡ. ಹೀಗೆ ನಮ್ಮ ಕಾಕಾನ ಗೋಡೆ ಕೆಂಪು ದಡಿಯ, ಎಂದರೆ ಕೆಂಪು ಅಂಚಿನ, ಕರೀ ಸೀರೆ ಉಟ್ಟು ಬಯಲಿಗೆ ಮುಖ ಮಾಡಿ ನಿಂತಿತು. ಊರಿನವರು ಸಂಜೆ ಗಾಳಿಗೆ ಹೋಗುವಾಗ ಆ ದಾರಿ ಹಿಡಿದು, ನೋಡಿ, ನಕ್ಕು, ಮುಂದೆ ಹೋಗತೊಡಗಿದರು. ಕೆಲವು ಹೆಂಗಸರು ಮಾತ್ರ ನಗದೆ ನೋಡಿದರಂತೆ. ಇದೂ ಗಂಗವ್ವನೇ ಹೇಳಿದ್ದು.

ಆಲಿಕಲ್ಲಿನ ಮಳೆ ಬಂತು, ಬಡಿಯಿತು, ಹೋಯಿತು. ಶ್ರಾವಣದ ಜಡಿ ಹಿಡಿಯಿತು, ಬಿಟ್ಟಿತು. ಚಳಿಗಾಲದ ಗಾಳಿ ಕಲ್ಲಿಗೆ ತಲೆ ಚಚ್ಚಿಕೊಂಡು ಸುಸ್ತಾಯಿತು. ಒಳಗೆ ಗೋಡೆ ಬೇಸಿಗೆಯ ನೆಲದಷ್ಟು ಒಣಗಿತ್ತು. ಇನ್ನು ಕಾಕಾ ಚೊಳಚಗುಡ್ಡಕ್ಕೆ ಹೊರಡುತ್ತಾರೆ ಎಂದು ನಾವೆಲ್ಲ ಕಾದೆವು.

ಹೊರಡಲಿಲ್ಲ!

"ಇನ್ನೊಂದು ಮಳಿ ನೋಡೂಣು" ಎಂದರು. ಇನ್ನೊಂದು ಮಳೆಯೂ ಬಂದು ಹೋಯಿತು. "ಬುಡದಾಗ ಯಾಕೋ ತಂಪು ಅನಸ್ತೈತಿ" ಎಂದರು. ಕೈಯಾಡಿಸಿ ನೋಡಿದೆ, ಬೆಚ್ಚಗಿತ್ತು. "ನನ್ನ ಅಂಗೈಗೆ ಗೊತ್ತಾಗೂದು ನಿನ್ನ ಅಂಗೈಗೆ ಗೊತ್ತಾಗಂಗಿಲ್ಲ" ಎಂದರು. ಒಮ್ಮೆಯಂತೂ ಕೊಡ ಕೊಡ ನೀರು ಹೊತ್ತು ತಂದು ಹೊರಗಿನಿಂದ ತಾವೇ ಗೋಡೆಗೆ ಎರಚುತ್ತಿದ್ದರು. ಗೋಡೆ ಒಣಗಲೆಂದು ಇಷ್ಟು ವರ್ಷ ಒದ್ದಾಡಿದ ಮನುಷ್ಯ ಅದೇ ಗೋಡೆಗೆ ನೀರು ಹೊಡೆಯುವುದನ್ನು ಕಂಡು ನನಗೆ ತಡೆಯಲಾಗದ ಸಿಟ್ಟು ಬಂತು.

"ಕಾಕಾ, ಇದೇನ್ರಿ ನಿಮ್ಮ ಹುಚ್ಚಾಟ? ಗ್ವಾಡಿ ಒಣಗೈತಿ! ಊರಿಗೆಲ್ಲ ಗೊತ್ತೈತಿ, ಎಮ್ಮಿಗೆ ಸುದ್ದಾ ಗೊತ್ತೈತಿ. ಹೋಗಿ ಚಿಗವ್ವನ್ನ ಕರಕೊಂಡು ಬರಾಕ ನಿಮಗ ಏನ ಧಾಡಿ?"

ಕಾಕಾ ಕೊಡ ಕೆಳಗಿಟ್ಟರು. ಮೋಟು ಗೋಡೆಯ ಮೇಲೆ ಕೂತರು.

"ತಂಗಿ, ಗ್ವಾಡಿ ಹಸಿ ಇತ್ತು, ಆಕಿ ಬರಲಿಲ್ಲ. ತಪ್ಪು ಗ್ವಾಡಿದು. ಈಗ ಗ್ವಾಡಿ ಒಣಗೈತಿ. ನಾ ಹೋಗಿ ಕರದೆ, ಆಕಿ ಒಲ್ಲೆ ಅಂದ್ಲು ಅಂತ ತಿಳಕೋ. ಆವಾಗ ನಾ ಯಾರ ಮ್ಯಾಲೆ ತಪ್ಪು ಹಾಕ್ಲಿ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಷ್ಟು ವರ್ಷ ನಾವು ನಕ್ಕಿದ್ದು ಯಾವುದಕ್ಕೆ ಎಂದು ನಾಚಿಕೆಯಾಯಿತು. ಒಲ್ಲೆ ಎನ್ನುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅದು ನಾನು ಹೇಳುವ ಮಾತಾಗಿರಲಿಲ್ಲ. ಅದನ್ನು ಹೇಳಬೇಕಾದವಳು ಚೊಳಚಗುಡ್ಡದಲ್ಲಿದ್ದಳು.

ನಾನು ಬಾಗಲಕೋಟೆಯಲ್ಲಿ ಇಳಿಯಲಿಲ್ಲ ಎಂದರೂ ಸರಿ. ಮನೆಗೆ ಒಂದು ಮುಖ ತೋರಿಸಿ, ಮರುದಿನವೇ ಬಾದಾಮಿಯ ರೈಲು ಹತ್ತಿದೆ. ಚಿಗವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಈ ಸಲ ಅಂಚೆ ಇಲಾಖೆಯವಳು ಗೋಡೆಯ ಸುದ್ದಿ ಒಯ್ದಿರಲಿಲ್ಲ. ಕಾಕಾ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಚಿಗವ್ವ ಮೊದಲು ನಕ್ಕಳು. ಆಮೇಲೆ ಸುಲಿದ ಕಾಳು ಯಾವುದು, ಸಿಪ್ಪೆ ಯಾವುದು ಎಂದು ತಿಳಿಯದವಳಂತೆ ಎರಡನ್ನೂ ಒಂದೇ ಬುಟ್ಟಿಗೆ ಹಾಕತೊಡಗಿದಳು.

"ಯವ್ವಾ, ನಾನೂ ಅದನ್ನ ಮಾಡೇನಿ ಬಿಡು" ಎಂದಳು. "ಟಾಂಗಾ ಸಪ್ಪಳಾದ್ರ ಎದ್ದು ನೋಡೂದು. ನೀ ಒಬ್ಬಾಕೆನ ಇಳಿತಿದ್ದಿ. ಗ್ವಾಡಿ ಇನ್ನೂ ಹಸಿ ಇರಬೇಕು, ಅದಕ್ಕ ಅವ್ರು ಬಂದಿಲ್ಲ ಅಂತ ಸಮಾಧಾನ ಮಾಡ್ಕೋಳೂದು. ಒಣಗಿದ ಮ್ಯಾಲೂ ಬರದಿದ್ರ ಏನ ಗತಿ ಅಂತ ನನಗೂ ಅಂಜಿಕಿ ಇತ್ತು. ಆ ಗ್ವಾಡಿ ನಮ್ಮಿಬ್ಬರದೂ ಮಾನಾ ಕಾದೈತಿ."

ಅಣ್ಣ ಒಳಗಿನಿಂದ ಬಂದರು. ಗಂಡನ ಮನೆಗೆ ಕರೆಯದೆ ಹೋಗುವುದುಂಟೇ, ಕರೆಯಲು ಗಂಡ ಬರಬೇಕು, ಅದು ರೀತಿ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಅದೇ ರೀತಿ. ಚಿಗವ್ವ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಆ ಮನಿ ಮಗಳು ಕರಿಯಾಕ ಬಂದಾಳಲ್ಲ, ಸಾಕು. ಅವ್ರು ಬರ್ಲಿ ಅಂತ ನೀನು, ಗ್ವಾಡಿ ಒಣಗ್ಲಿ ಅಂತ ಅವ್ರು, ಇಬ್ಬರೂ ಗಂಡಸ್ರು ಹಿಂಗ ಕಾಯ್ಕೋಂತ ಕೂತ್ರ ನಾ ಇಲ್ಲೇ ಮುದಿಕಿ ಆಗ್ತೇನಿ!"

ಅಣ್ಣನೇ ಗಂಟು ಹೊತ್ತು ಟಾಂಗಾದವರೆಗೆ ಬಂದರು. ಟಾಂಗಾದವನಿಗೆ ಮೆಲ್ಲಗೆ ಹೊಡಿ ಎಂದು ಹೇಳಿದರು.

ನಾವು ಇಳಕಲ್ಲು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಚಿಗವ್ವ ನೆಟ್ಟಗೆ ಮನೆಯೊಳಗೆ ಹೋಗಲಿಲ್ಲ. ಬಯಲಿನ ಕಡೆಗೆ ಸುತ್ತು ಹಾಕಿ, ಪಡುವಣ ಗೋಡೆಯ ಮುಂದೆ ನಿಂತಳು. ಬುಡದಲ್ಲಿ ಕೆಂಪು, ನಡುವೆ ಕಪ್ಪು, ಮೇಲೆ ಕೆಂಪು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಬಹಳ ಹೊತ್ತು ನೋಡಿದಳು. "ದಡಿ ಛಲೋ ಕೂಡೈತಿ. ಸೆರಗ ಯಾವ ಕಡೆ ಐತಿ ಇದಕ್ಕ?" ಎಂದಳು. ನಗುತ್ತಿದ್ದಾಳೆಂದು ನೋಡಿದರೆ ಕಣ್ಣು ತುಂಬಿದ್ದವು.

ಒಳಗೆ ಕಾಕಾ ಮಗ್ಗದ ಕುಣಿಯಲ್ಲಿದ್ದರು. ಅವಳನ್ನು ಕಂಡು ಏಳಲು ಹೋಗಿ ಹಲಗೆಗೆ ಮೊಣಕಾಲು ಬಡಿಸಿಕೊಂಡರು. ಇಷ್ಟು ವರ್ಷ ಕಾದ ಮನುಷ್ಯ ಏನು ಹೇಳಿದರು ಗೊತ್ತೇ?

"ಯಾಕ ಬಂದಿ? ಇನ್ನೊಂದು ಮಳಿ ನೋಡೂದಿತ್ತಲ್ಲ!"

"ಇಬ್ಬರೂ ಒಳಗ ಕೂತು ನೋಡೂಣು, ಬಿಡ್ರಿ" ಎಂದಳು ಚಿಗವ್ವ.

ಅವಳು ಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ನಡೆದಳು. ಒಂದು ಕಡೆ ನಿಂತಳು. ಕೂತವರ ತಲೆಯೆತ್ತರಕ್ಕೆ ಸುಣ್ಣದ ಮೇಲೆ ಒಂದು ತಟ್ಟೆಯಗಲದ ಕಪ್ಪು ಕಲೆ. "ಇಲ್ಲಿ ಇನ್ನೂ ಹಸಿ ಐತಲ್ರಿ?" ಎಂದಳು. ನಾನೂ ಬಾಗಿ ನೋಡಿದೆ. ಕಾಕಾನ ಅಂಗೈ ಹೇಳಿದ್ದೇ ನಿಜವಾಯಿತೇ?

ಕಾಕಾ ನೆಲ ನೋಡುತ್ತಿದ್ದರು. "ಅದು ಹಸಿ ಅಲ್ಲ" ಎಂದರು. "ತಲಿ ಎಣ್ಣಿ. ಸಂಜೀಕ ಕೆಲಸಾ ಮುಗದ ಮ್ಯಾಲೆ ಅಲ್ಲಿ ತಲಿ ಹಚ್ಚಿ ಕೂಡ್ತಿದ್ದೆ. ಎಷ್ಟ ಸಲ ಸುಣ್ಣಾ ಬಳದ್ರೂ ಮತ್ತ ಹಂಗ ಆಕ್ಕೈತಿ."

ಚಿಗವ್ವ ಆ ಕಲೆಯ ಮೇಲೆ ಅಂಗೈ ಇಟ್ಟು, ಇಟ್ಟ ಹಾಗೆಯೇ ಕೂತಳು. ಆಮೇಲೆ ತನ್ನ ತಲೆಯನ್ನು ಅಲ್ಲಿಗೇ ಹಚ್ಚಿ ಕಣ್ಣು ಮುಚ್ಚಿದಳು. ಎದೆಯಲ್ಲಿ ಸಿಳ್ಳೆಯಿರಲಿಲ್ಲ. ಉಸಿರು ಮೆಲ್ಲಗೆ ಹೋಗಿ ಬರುತ್ತಿತ್ತು.

ಕಾಕಾ ತಟ್ಟನೆ ಎದ್ದರು. "ಹೊರಗಿಂದ ಒಮ್ಮೆ ಗ್ವಾಡಿ ನೋಡಿ ಬರ್ತೇನಿ" ಎಂದು ಬಾಗಿಲ ಕಡೆ ನಡೆದರು. ಅವರು ಯಾವ ಗೋಡೆ ನೋಡಲು ಹೋಗುತ್ತಿದ್ದರೆಂದು ಮೂವರಿಗೂ ಗೊತ್ತಿತ್ತು. ಹೆಗಲ ಮೇಲಿನ ವಸ್ತ್ರವನ್ನು ಆಗಲೇ ಕಣ್ಣಿಗೆ ಒತ್ತಿಕೊಂಡಿದ್ದರು.

ಚಿಗವ್ವ ಕಣ್ಣು ತೆರೆಯದೆ, ಕೂತಲ್ಲಿಂದಲೇ ಕರೆದಳು. "ಗ್ವಾಡಿ ಎಲ್ಲೂ ಹೋಗಂಗಿಲ್ಲ, ಒಳಗ ಬರ್ರಿ. ನಾನೂ ಹೋಗಂಗಿಲ್ಲ."